ನಡುಹಿಟ್ಟು

ನನಗೊಂದು ಚಾಳಿಯಿದೆ. ಹಿಟ್ಟಿನ ಮಿಲ್ಲಿನ ಕಟ್ಟೆಯ ಮೇಲೆ ಡಬ್ಬ ಇಟ್ಟ ಕೂಡಲೇ, "ನನ್ನದಕ್ಕೆ ಮುಂಚೆ ಏನ್ ಹಾಕಿದ್ರಿ?" ಎಂದು ಕೇಳುತ್ತೇನೆ. ಆರ್.ಟಿ. ನಗರದಲ್ಲಿ ನಮ್ಮ ಹಿಂದಿನ ರಸ್ತೆಯ ಮಿಲ್ಲಿನ ಯಜಮಾನರಿಗೆ ಇದು ಬಾಯಿಪಾಠವಾಗಿಹೋಗಿದೆ. ನಾನು ಮೆಟ್ಟಿಲು ಹತ್ತುವುದು ಕಂಡರೆ ಸಾಕು, "ಅಕ್ಕಿ ಕಣ್ರೀ ಮೇಡಂ. ಅದಕ್ಕೂ ಮುಂಚೆ ಕಡ್ಲೆಬೇಳೆ. ಅದಕ್ಕೂ ಮುಂಚೆ ನಾನಿನ್ನೂ ಹಲ್ಲುಜ್ತಾ ಇದ್ದೆ" ಎಂದು ಒಪ್ಪಿಸಿಬಿಡುತ್ತಾರೆ.

ಚಾಳಿ ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಬಾಡಿಗೆ ಮನೆ ನೋಡಲು ಹೋದರೆ ಮುಂಚೆ ಯಾರಿದ್ದರು ಎಂದು ಕೇಳುತ್ತೇನೆ. ಗ್ರಂಥಾಲಯದ ಪುಸ್ತಕ ತೆಗೆದುಕೊಂಡರೆ ಮುಂಚೆ ಯಾರು ಓದಿದ್ದರು ಎಂದು ಹಿಂದಿನ ಪುಟದ ಚೀಟಿ ನೋಡುತ್ತೇನೆ. ನನ್ನನ್ನು ನೋಡಲು ಬಂದ ವರನಿಗೂ ಇದೇ ಪ್ರಶ್ನೆ ಹಾಕಿದ್ದೆ ಎಂದು ನನ್ನ ತಮ್ಮ ಇಂದಿಗೂ ನೆಂಟರ ಮುಂದೆ ಕಥೆ ಕಟ್ಟುತ್ತಾನೆ. ನಾನು ಹಾಗೆ ಕೇಳಿಲ್ಲ. ಕೇಳಿದ್ದರೆ ಡೈರಿಯಲ್ಲಿ ಇರುತ್ತಿತ್ತು.

ಡೈರಿಯ ಮಾತು ಬಂದಿದ್ದರಿಂದ ಒಂದು ತಪ್ಪೊಪ್ಪಿಗೆ. ನಾನು ದಿನಚರಿ ಬರೆಯಲು ಹಿಡಿದದ್ದು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ. ಈಗ ಹೇಳಹೊರಟಿರುವುದು ಅದಕ್ಕೂ ಹತ್ತು ಹನ್ನೆರಡು ವರ್ಷ ಹಿಂದಿನದು, ಅಂದರೆ ಐವತ್ತರ ದಶಕದ ನಡುಭಾಗದ್ದು. ಅದಕ್ಕೆ ಬರಹದ ಆಧಾರವಿಲ್ಲ. ನನ್ನ ನೆನಪಿದೆ, ತಮ್ಮನ ನೆನಪಿದೆ, ಎರಡಕ್ಕೂ ಮಾತುಕತೆಯಿಲ್ಲ. ಇತಿಹಾಸ ಓದಿದವರಿಗೆ ಇದು ನಾಚಿಕೆಯ ಸಂಗತಿ. ಆದರೂ ಹೇಳುತ್ತೇನೆ.

ಯಶವಂತಪುರ ಸ್ಟೇಷನ್ನಿನಿಂದ ಚಿಕ್ಕಬಾಣಾವರದ ಕಡೆಗೆ ರೈಲುಹಳಿಯ ಮಗ್ಗುಲಲ್ಲೇ ನಡೆದರೆ ನಮ್ಮೂರು. ಈಗ ಅದು ಊರಲ್ಲ, ಬಸ್‌ಸ್ಟಾಪು. ಊರಿಗೂ ಹಳಿಗೂ ನಡುವೆ ಯುದ್ಧದ ಕಾಲದಲ್ಲಿ ಸೈನಿಕರಿಗೆಂದು ಕಟ್ಟಿದ ಉದ್ದುದ್ದನೆಯ ಶೆಡ್ಡುಗಳಿದ್ದವು. ಅವುಗಳ ಮೇಲೆ ಕೆಂಪು ಹೆಂಚಿತ್ತು ಎಂದು ನಾನು, ಬಿಳಿ ಶೀಟಿತ್ತು ಎಂದು ತಮ್ಮ ವರ್ಷಗಟ್ಟಲೆ ವಾದಿಸಿ, ಕೊನೆಗೆ ತಗಡು ಎಂದು ರಾಜಿಯಾಗಿದ್ದೇವೆ. ಯುದ್ಧ ಮುಗಿದು ಸೈನಿಕರು ಹೋದ ಮೇಲೆ ಅಲ್ಲಿ ನಮ್ಮೂರಿನ ಮೇಕೆಗಳು ಸೇರಿಕೊಂಡವು. ದೇಶ ಎರಡಾಯಿತು. ಸಿಂಧ್ ಪ್ರಾಂತದಿಂದ ಮನೆಮಠ ಬಿಟ್ಟು ಬಂದವರನ್ನು ರೈಲಿನಲ್ಲಿ ತಂದು ಶೆಡ್ಡುಗಳಲ್ಲಿ ಇಳಿಸಿದರು. ಮೇಕೆಗಳು ಹೊರಬಿದ್ದವು. ಊರಿನಲ್ಲಿ ಹೆಚ್ಚು ಮೇಕೆಗಳಿದ್ದದ್ದು ಪಟೇಲರಿಗೆ. ಆದ್ದರಿಂದ ಪಟೇಲರಿಗೂ ಕ್ಯಾಂಪಿಗೂ ಮೊದಲ ದಿನದಿಂದಲೇ ಅಷ್ಟಕ್ಕಷ್ಟೆ.

ಎಂ.ಎ. ಓದುವಾಗ ನಮ್ಮ ಕ್ಯಾಂಪನ್ನು ಪುಸ್ತಕಗಳಲ್ಲಿ ಹುಡುಕಿದ್ದೆ. ದೊಡ್ಡ ಪುಸ್ತಕಗಳಲ್ಲಿ ದೊಡ್ಡ ಊರುಗಳ ದೊಡ್ಡ ಕ್ಯಾಂಪುಗಳಿದ್ದವು, ರೈಲುಗಳ ಲೆಕ್ಕವಿತ್ತು, ಡೇರೆಗಳ ಲೆಕ್ಕವಿತ್ತು. ಪಕ್ಕದೂರಿನವರು ಮಾರನೆಯ ದಿನ ಏನು ಮಾಡಿದರು ಎಂಬುದು ಎಲ್ಲಿಯೂ ಇರಲಿಲ್ಲ. ನಮ್ಮೂರಿನವರು ಏನೂ ಮಾಡಲಿಲ್ಲ. ಇವರು ಇವತ್ತೋ ನಾಳೆಯೋ ಹೋಗುವವರು ಎಂದು ಹೆಸರು ಕೂಡ ಕೇಳಲಿಲ್ಲ. ಅವರಿಗೂ ಹಾಗೆಯೇ ಇತ್ತೆಂದು ಕಾಣುತ್ತದೆ. ಶೆಡ್ಡಿನ ಮುಂದೆ ಪುದೀನ ಹಾಕುತ್ತಿದ್ದರು, ಕೊತ್ತಂಬರಿ ಹಾಕುತ್ತಿದ್ದರು. ಎರಡು ತಿಂಗಳಿಗಿಂತ ಹೆಚ್ಚು ಕಾಯಿಸುವ ಯಾವ ಗಿಡವನ್ನೂ ನೆಡುತ್ತಿರಲಿಲ್ಲ.

ಹೀಗೆ ಐದಾರು ವರ್ಷ ಕಳೆದ ಮೇಲೆ ಕ್ಯಾಂಪಿನ ಕೊನೆಯ ಶೆಡ್ಡಿನಲ್ಲಿ ಎಂಜಿನ್ ಸದ್ದು ಕೇಳಿಸಿತು. ಲೋಕೂಮಲ್ ಎಂಬವರೂ ಅವರ ಹೆಂಡತಿ ಗೋಮೀಬಾಯಿಯೂ ಸೇರಿ ಹಿಟ್ಟಿನ ಮಿಲ್ ಹಾಕಿದ್ದರು. ನಮ್ಮ ಕಡೆ ಅದಕ್ಕೆ ಮಿಷನ್ ಎನ್ನುವುದೇ ರೂಢಿ. ಸಿಂಧೂ ನದಿಯ ದಡದ ಯಾವುದೋ ಪೇಟೆಯಲ್ಲಿ ಲೋಕೂಮಲ್ಲರ ತಾತನ ಕಾಲದಿಂದ ಮಿಷನ್ ನಡೆಸಿದ ಮನೆತನವಂತೆ. ಎಂಜಿನ್ ಪಕ್ಕದಲ್ಲೇ ಬೆಳೆದು ಅವರ ಕಿವಿ ಮಂದವಾಗಿತ್ತು. ಯಾರು ಏನಂದರೂ ನಕ್ಕು ತಲೆಯಾಡಿಸುತ್ತಿದ್ದರು. ಮಾತೆಲ್ಲ ಗೋಮೀಬಾಯಿಯದು. ಅಗಲ ಭುಜದ, ಸಡಿಲ ಪೈಜಾಮ ತೊಟ್ಟು ತಲೆಯ ಮೇಲೆ ತೆಳು ಬಟ್ಟೆ ಹೊದೆಯುತ್ತಿದ್ದ ಹೆಂಗಸು. ಪೈಜಾಮ ತೊಟ್ಟ ಹೆಂಗಸನ್ನು ನೋಡುವುದಕ್ಕೆಂದೇ ನಮ್ಮೂರಿನವರು ಮೊದಲ ವಾರ ಮಿಷನ್ನಿಗೆ ಹೋದರು. ಎರಡನೆಯ ವಾರಕ್ಕೆ ಅವರ ಹೆಸರು ಗೋಮಮ್ಮ ಎಂದಾಯಿತು, ಲೋಕೂಮಲ್ ಲೋಕಪ್ಪ ಆದರು.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನನ್ನ ಅಜ್ಜಿ ಹೊನ್ನಮ್ಮ. ಮದುವೆಯಾಗಿ ಬಂದ ಮರುದಿನದಿಂದ ನಲವತ್ತು ವರ್ಷ ಕೋಳಿ ಕೂಗುವ ಮುಂಚೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತವರು. ಬಲದ ಭುಜ ಎಡದ್ದಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು. ಬೀಸುವಾಗ ಹೇಳುವ ಪದಗಳನ್ನು ಕೇಳಲು ಈಚೆಗೆ ವಿಶ್ವವಿದ್ಯಾಲಯದವರು ಟೇಪ್ ಹಿಡಿದು ಹಳ್ಳಿಗಳಿಗೆ ಹೋಗುತ್ತಾರೆ, ಸಂತೋಷ. ಅಜ್ಜಿ ಮಾತ್ರ, ನೋವು ಮರೆಯೋಕೆ ಹೇಳ್ತಿದ್ವು, ನೋವಿಲ್ಲದಿದ್ರೆ ಯಾವಳು ಹಾಡ್ತಾಳೆ ಎನ್ನುತ್ತಿದ್ದರು.

ಊರಿನ ಹೆಂಗಸರು ರಾಗಿ ಹೊತ್ತು ಸಾಲಾಗಿ ಹೋದರು. ಮಧ್ಯಾಹ್ನದವರೆಗೂ ರಾಗಿ ಬಿತ್ತು. ಆಮೇಲೆ ಕ್ಯಾಂಪಿನವರು ಸರ್ಕಾರ ಕೊಡುವ ಗೋಧಿ ತಂದು ಸುರಿದರು. ಮಿಷನ್ನಿನ ಕಲ್ಲಿನ ಸಂದಿಯಲ್ಲೆಲ್ಲ ರಾಗಿ ಕೂತಿತ್ತಲ್ಲ, ಗೋಧಿಹಿಟ್ಟು ಬೂದಿಯ ಬಣ್ಣದಲ್ಲಿ ಇಳಿಯಿತು. ಆ ದಿನವೇ ಕ್ಯಾಂಪಿನ ಒಂದು ಮನೆಯಲ್ಲಿ ನಿಶ್ಚಿತಾರ್ಥ. ಬೀಗರ ಎಲೆಗೆ ಕಪ್ಪು ರೊಟ್ಟಿ ಬಡಿಸಬೇಕಾಯಿತು. ಕ್ಯಾಂಪಿನ ಹಿರಿಯರು ಸೇರಿ, ಇನ್ನು ಮೇಲೆ ಕಲ್ಲಿಗೆ ರಾಗಿ ಹಾಕಕೂಡದೆಂದು ಗೋಮಮ್ಮನಿಗೆ ಕಟ್ಟಪ್ಪಣೆ ಮಾಡಿದರು.

ಮಾರನೆಯ ದಿನ ರಾಗಿ ಹೊತ್ತು ಹೋದವರು ಹಾಗೇ ಹೊತ್ತು ಬಂದರು. ಊರಿಗೆ ಅದು ಮುಖಕ್ಕೆ ಉಗಿದಂತಾಯಿತು. ಕಪ್ಪಗಿರುವುದು ರಾಗಿಯ ತಪ್ಪೇ? ನಾವು ತಿನ್ನುವ ಕಾಳು ಇವರ ಕಲ್ಲಿಗೆ ಮೈಲಿಗೆಯೇ? ಪಟೇಲರು ಚಾವಡಿಯಲ್ಲಿ ಕೂತು, ಊರಿನ ಒಂದು ಕಾಳೂ ಆ ಕಡೆ ಹೋಗಕೂಡದು ಎಂದರು. ಅಜ್ಜಿ ಮತ್ತೆ ಬೀಸುವ ಕಲ್ಲಿಗೆ ಹೋದರು. ಅವರ ಹಟವೂ ದೊಡ್ಡದೇ. ಭುಜಕ್ಕೆ ಬಿಸಿ ಹರಳೆಣ್ಣೆ ಹಚ್ಚಿಸಿಕೊಳ್ಳುವಾಗ ಮಾತ್ರ ದೂರದ ಎಂಜಿನ್ ಸದ್ದು ಕೇಳಿ ಹಲ್ಲು ಕಡಿಯುತ್ತಿದ್ದರು.

ಇನ್ನು ಗೋಮಮ್ಮ ನಮ್ಮ ಮನೆಗೆ ಬಂದ ದಿನ. ಇದು ನನಗೆ ಚೆನ್ನಾಗಿ ನೆನಪಿದೆ. ಹಾಗೆ ಬರೆಯುತ್ತಿದ್ದಂತೆಯೇ ಅನುಮಾನ ಬರುತ್ತದೆ, ಆದರೂ ಇರಲಿ. ಕ್ಯಾಂಪು ಖಾಲಿ ಮಾಡಿಸುತ್ತಾರೆಂದು ಆ ತಿಂಗಳು ಸುದ್ದಿಯಾಗಿತ್ತು. ಅಂಗಡಿ, ವ್ಯಾಪಾರ ಹುಡುಕಿಕೊಂಡವರು ಆಗಲೇ ಪೇಟೆ ಸೇರಿದ್ದರು. ಉಳಿದವರಲ್ಲಿ ಯಾರಿಗೆ ಒಂದು ಊರು ಜಾಗ ಕೊಟ್ಟು ಒಪ್ಪಿಕೊಳ್ಳುತ್ತದೋ ಅವರು ಇರಬಹುದು, ಮಿಕ್ಕವರನ್ನು ಬಹುದೂರದ ಇನ್ನೊಂದು ಕ್ಯಾಂಪಿಗೆ ಸಾಗಿಸುತ್ತಾರೆ ಎಂದು ಹೇಳಿದ್ದರು. ಸುಗ್ಗಿ ಮುಗಿಯುವವರೆಗೆ ಗಡುವು.

ಗೋಮಮ್ಮನಿಗೆ ಕನ್ನಡ ನಾಲ್ಕು ಮಾತು ಬರುತ್ತಿತ್ತು. ಸಾಲದ್ದಕ್ಕೆ ನಮ್ಮ ಬೀದಿಯ ದರ್ಜಿಯ ಹೆಂಡತಿ ಹಸೀನಾಬಿಯನ್ನು ಅಜ್ಜಿ ಕರೆಸಿದರು. ಅವರ ಮನೆಮಾತು ದಖನಿ. ಹೆಸರು ಕೇಳಿದ ಕೂಡಲೇ ಗೋಮಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಊರು ಬಿಡುವಾಗ ಅವರು ಏನು ಕಂಡಿದ್ದರೋ ನಮಗೆ ಯಾರಿಗೂ ಗೊತ್ತಿಲ್ಲ, ಅವರು ಯಾವತ್ತೂ ಹೇಳಲಿಲ್ಲ. ಹಸೀನಾಬಿ ಜಗಲಿಯ ಮೇಲೆ ಕೂತು, ಕೂರಲು ಪಕ್ಕದಲ್ಲಿ ಜಾಗ ತೋರಿಸಿ, "ಡರೋ ನಕ್ಕೋ ಬೂಬು. ಬಾತ್ ಕರ್ನೆ ಆಯೀ, ಝಗಡಾ ಕರ್ನೆ ನೈ" ಎಂದರು. ಹೆದರಬೇಡಕ್ಕ, ಜಗಳಕ್ಕೆ ಬಂದಿಲ್ಲ ಎಂಬಷ್ಟು ನನಗೂ ತಿಳಿಯಿತು. ಗೋಮಮ್ಮ ಕಣ್ಣರಳಿಸಿ, 'ನಕ್ಕೋ' ಎಂದರೇನು, ಇದು ಯಾವ ಸೀಮೆಯ ಉರ್ದು ಎಂದು ಕೇಳಿದರು. ನಿಮ್ಮದು ಯಾವ ಸೀಮೆಯದೋ ಅದಕ್ಕಿಂತ ಚೆನ್ನಾಗಿದೆ ಎಂದು ಹಸೀನಾಬಿ ತಿರುಗಿಸಿ ಕೊಟ್ಟರು. ಇಬ್ಬರೂ ನಕ್ಕರು. ಅಜ್ಜಿಗೆ ಏನೂ ಅರ್ಥವಾಗದಿದ್ದರೂ, ಇಬ್ಬರು ನಗುವಾಗ ತಾವೊಬ್ಬರೇ ಸುಮ್ಮನಿರುವುದು ಮರ್ಯಾದೆಯಲ್ಲವೆಂದು ಅವರೂ ನಕ್ಕರು.

ನಗು ಮುಗಿದ ಮೇಲೆ ಗೋಮಮ್ಮ ತರ್ಜುಮೆಗೆ ಕಾಯದೆ ತಮ್ಮ ನಾಲ್ಕು ಮಾತಿನ ಕನ್ನಡದಲ್ಲೇ ಹೇಳಿದರು:

"ಅಕ್ಕಾ, ನಾನು ನಾಲ್ಕು ಕ್ಯಾಂಪ್ ನೋಡಿದೆ. ಐದು ನೋಡಲ್ಲ."

ಅಜ್ಜಿ ತಮ್ಮ ಬಲದ ಭುಜವನ್ನು ಒತ್ತಿಕೊಂಡರು. ಆಮೇಲೆ, "ಗೋಧಿ ಬೆಳಿಗ್ಗೆ ಹಾಕು. ರಾಗಿ ಮಧ್ಯಾಹ್ನಕ್ಕೆ ಹಾಕು. ಎರಡರ ನಡುವೆ ಕಾಳು ಬದಲಾದಾಗೆಲ್ಲ ಕಲ್ಲು ತೊಳೆಯೋಕೆ ಎರಡು ಸೇರು ಬೀಳ್ತದಲ್ಲ, ಅದು ನಂದು. ನಂದೇ ಕಾಳು, ನಂದೇ ಹಿಟ್ಟು. ಯಾವ ಬಣ್ಣ ಬಂದ್ರೂ ನಾನು ತಗೊಂಡೋಗ್ತೀನಿ" ಎಂದರು.

ಕ್ಯಾಂಪಿನ ಹಿರಿಯರಿಗಾಗಲೀ ನಮ್ಮ ಪಟೇಲರಿಗಾಗಲೀ ಹೊಳೆಯದ ಉಪಾಯ ಇದು. ಇದರಲ್ಲಿ ತ್ಯಾಗವನ್ನು ಹುಡುಕಲು ಹೋಗಬೇಡಿ. ಅಜ್ಜಿಗೆ ಬೇಕಾಗಿದ್ದದ್ದು ಭುಜಕ್ಕೆ ರಜೆ.

ಗೋಧಿಹಿಟ್ಟು ಬೆಳ್ಳಗಿದ್ದರೆ ಸಾಕೆಂದು ಕ್ಯಾಂಪಿನ ಹಿರಿಯರು ಒಪ್ಪಿದ್ದರಿಂದ ರಜೆ ಸಿಕ್ಕಿತು, ಹಿಟ್ಟು ಮಾತ್ರ ಕಾಟ ಕೊಟ್ಟಿತು. ಎರಡು ಸೇರು ನಡುಹಿಟ್ಟು, ಅರ್ಧ ರಾಗಿ ಅರ್ಧ ಗೋಧಿ, ಇಲಿಮರಿಯ ಬಣ್ಣ. ಅಜ್ಜಿ ಅದರಲ್ಲಿ ಮುದ್ದೆ ತೊಳಸಿದರು. ಕೋಲು ಮುದ್ದೆಯೊಳಗೆ ಹೋಯಿತು, ಹೊರಗೆ ಬರಲಿಲ್ಲ. ಪಾತ್ರೆ ಸಮೇತ ಮೇಲೆದ್ದಿತು. ಮಾರನೆಯ ದಿನದ ಹಿಟ್ಟನ್ನು ಗೋಮಮ್ಮ ತೆಗೆದುಕೊಂಡು ಕ್ಯಾಂಪಿನ ಮಣ್ಣಿನ ಒಲೆಯ ಗೋಡೆಗೆ ರೊಟ್ಟಿ ತಟ್ಟಿ ಅಂಟಿಸಿದರು. ಅದು ಗೋಡೆ ಬಿಟ್ಟು ಜಾರಿ ಕೆಂಡಕ್ಕೆ ಬಿತ್ತು. ಮುದ್ದೆಯಲ್ಲಿ ಅಂಟಬಾರದ ಕಡೆ ಅಂಟುತ್ತದೆ, ಒಲೆಯಲ್ಲಿ ಅಂಟಬೇಕಾದ ಕಡೆ ಅಂಟುವುದಿಲ್ಲ. ಇಂಥ ಅಡ್ಡಬುದ್ಧಿಯ ಹಿಟ್ಟನ್ನು ನನ್ನ ಜೀವಮಾನದಲ್ಲಿ ಕಂಡಿಲ್ಲ ಎಂದು ಅಜ್ಜಿ ಬೈದರು. ಹಸುವಿಗೆ ಹಾಕಿದರು. ಹಸು ತಿಂದಿತು, ನಮಗದು ಸಮಾಧಾನ ಕೊಡಲಿಲ್ಲ.

ಮೂರನೆಯದೋ ನಾಲ್ಕನೆಯದೋ ದಿನ ಗೋಮಮ್ಮ ಬಿಸಿನೀರು ಬಿಟ್ಟು ಹಿಟ್ಟು ನಾದಿ ಒದ್ದೆಬಟ್ಟೆ ಮುಚ್ಚಿಟ್ಟರು. ಅಜ್ಜಿ ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಎಳೆ ಅವರೆಕಾಳು ಸೇರಿಸಿ ಕಾವಲಿಯ ಮೇಲೆ ತಟ್ಟಿದರು. ರೊಟ್ಟಿ ಎದ್ದು ಬಂತು. ರುಚಿ ಸರಿ, ಅದು ಅಷ್ಟು ದೊಡ್ಡದಲ್ಲ. ಬೆಳಿಗ್ಗೆ ಮಾಡಿದ ರಾಗಿರೊಟ್ಟಿ ಮಧ್ಯಾಹ್ನಕ್ಕೆ ಹೆಂಚಿನ ಚೂರಾಗುತ್ತದೆ, ಹೊಲಕ್ಕೆ ಬುತ್ತಿ ಒಯ್ಯುವವರೆಲ್ಲ ಬಲ್ಲರು. ಈ ರೊಟ್ಟಿ ಸಂಜೆ ಬಿಚ್ಚಿ ನೋಡಿದರೂ ಬಟ್ಟೆಯ ಹಾಗೆ ಮಡಿಸಿಕೊಳ್ಳುತ್ತಿತ್ತು. ಅದು ದೊಡ್ಡದು. ಅಜ್ಜಿ ಅದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ತೋರಿಸಿಕೊಂಡು ಬಂದರು. ಹೊಸ ಸೀರೆಯನ್ನೂ ಅವರು ಹಾಗೆ ತೋರಿಸಿದ್ದಿಲ್ಲ.

ಇಲ್ಲಿ ಒಂದು ಉಪಮೆ ಮಾಡುವ ಆಸೆ ನನ್ನನ್ನು ಕಾಡುತ್ತಿದೆ. ಎರಡು ಕಾಳು, ಒಂದು ಕಲ್ಲು, ಎರಡು ನಾಡಿನ ಜನ ಎಂದು ಎಂ.ಎ. ಕಲಿತ ಕೈ ತುರಿಸುತ್ತದೆ. ಬೇಡ. ಅಜ್ಜಿ ಬದುಕಿದ್ದರೆ, ಹಿಟ್ಟನ್ನ ಹಿಟ್ಟು ಅಂತ ತಿನ್ನು ಎನ್ನುತ್ತಿದ್ದರು.

ಊರಿನ ಹೆಂಗಸರು ಅಜ್ಜಿಯ ಪುಟ್ಟಿಯ ತಳದಲ್ಲಿ ತಮ್ಮ ರಾಗಿಯನ್ನೂ ಗಂಟು ಕಟ್ಟಿ ಇಟ್ಟು ಕಳಿಸತೊಡಗಿದರು. ಪಟೇಲರ ಅಪ್ಪಣೆ ಇನ್ನೂ ಜಾರಿಯಲ್ಲಿತ್ತು. ಆದ್ದರಿಂದ ಊರಿಗೆ ಊರೇ ಒಬ್ಬ ಮುದುಕಿ ದಿನಕ್ಕೆ ಮೂರು ಪುಟ್ಟಿ ರಾಗಿ ತಿನ್ನುತ್ತಾಳೆಂದು ನಂಬಿದಂತೆ ನಟಿಸಿತು. ಗಂಟುಗಳಲ್ಲಿ ಒಂದು ಪಟೇಲರ ಹೆಂಡತಿಯದೂ ಆಗಿತ್ತು. ಒಂದು ದಿನ ಸಾಲು ಹೆಚ್ಚುಕಡಿಮೆಯಾಗಿ ಅವರ ರಾಗಿ ಸರಿಯಾಗಿ ನಡುವಿನಲ್ಲಿ ಬಿದ್ದುಬಿಟ್ಟಿತು.

ಪಟೇಲರು ಊಟಕ್ಕೆ ಕೂತು ಮುದ್ದೆ ಮುರಿಯಲು ಹೋದರು. ಮುದ್ದೆ ಮುರಿಯಲಿಲ್ಲ. ಬೆರಳು ಮೇಲೆತ್ತಿದರೆ ಮುದ್ದೆಯೂ ಮೇಲೆದ್ದಿತು. ಇನ್ನೊಂದು ಕೈಯಿಂದ ತಟ್ಟೆ ಹಿಡಿದು ಎಳೆದರು. ಅದು ಮೊಳದುದ್ದ ಬಂದು, ಅರ್ಧಕ್ಕೆ ಮನಸ್ಸು ಬದಲಾಯಿಸಿ ವಾಪಸು ಹೋಯಿತಂತೆ. ಇದನ್ನು ನಾನು ಕಣ್ಣಾರೆ ಕಂಡೆನೆಂದು ಬಹಳ ವರ್ಷ ನಂಬಿದ್ದೆ. ಆ ಹೊತ್ತಿನಲ್ಲಿ ನಾನು ಶಾಲೆಯಲ್ಲಿದ್ದಿರಬೇಕು, ಆದ್ದರಿಂದ ಇದು ಅಜ್ಜಿ ಹೇಳಿದ್ದು, ಪ್ರತಿ ಸಲ ಹೇಳುವಾಗಲೂ ಮುದ್ದೆ ಒಂದು ಗೇಣು ಹೆಚ್ಚು ಉದ್ದವಾಗುತ್ತಿತ್ತು. ಪಟೇಲರಿಗೆ ಎಲ್ಲ ಹೊಳೆಯಿತು. ಕೈ ತೊಳೆಯದೆ ಮಿಷನ್ನಿಗೆ ಹೋಗಿ ಲೋಕಪ್ಪನವರ ಮುಂದೆ ನಿಂತು ಬೈದರು. ಎಂಜಿನ್ ಓಡುತ್ತಿತ್ತು, ಲೋಕಪ್ಪನವರಿಗೆ ಕಿವಿ ಮಂದ. ದೊಡ್ಡ ಮನುಷ್ಯರು ಮನೆಗೆ ಬಂದರೆಂದು ನಕ್ಕು, ತಲೆಯಾಡಿಸಿ, ಸ್ಟೂಲು ತಂದು ಹಾಕಿದರು. ಬೈಗುಳ ಮುಗಿದ ಮೇಲೆ ಕುಡಿಯಲು ಮಜ್ಜಿಗೆಯನ್ನೂ ಕೊಟ್ಟರು. ಗೋಮಮ್ಮ ಒಂದು ರೊಟ್ಟಿ ಮಡಿಸಿ ಮಜ್ಜಿಗೆಯ ಪಕ್ಕ ಇಟ್ಟರು. ಮುದ್ದೆ ಕೈಕೊಟ್ಟ ಹಸಿವು. ಪಟೇಲರು ತಿಂದರು. ತಿಂದದ್ದನ್ನು ಯಾರಿಗೂ ಹೇಳಲಿಲ್ಲ. ಅಪ್ಪಣೆಯನ್ನು ಹಿಂತೆಗೆದುಕೊಳ್ಳಲೂ ಇಲ್ಲ, ಮತ್ತೆ ನೆನಪಿಸಲೂ ಇಲ್ಲ.

ಅಲ್ಲಿಂದ ಮುಂದೆ ನಡುವಿನ ಸರದಿಗೇ ಜಗಳ ಶುರುವಾಯಿತು. ಯಾರಿಗೂ ಬೇಡವಾಗಿದ್ದ ಎರಡು ಸೇರು ಹಿಟ್ಟಿಗೆ, ಗೋಧಿ ಮುಗಿಯುವ ಹೊತ್ತು ನೋಡಿಕೊಂಡು ಹೆಂಗಸರು ಪುಟ್ಟಿ ಹೊತ್ತು ಓಡಿಬರುತ್ತಿದ್ದರು. ಕ್ಯಾಂಪಿನ ಹೆಂಗಸರು ಕೂಡ, ಕಪ್ಪೆಂದು ಬೈದವರೇ, ಬೆಳಗಿನ ಮೊದಲಿಗೇ ನಮ್ಮದಿರಲಿ ಎಂದು ಕಾದು ನಿಲ್ಲುತ್ತಿದ್ದರು. "ಗೋಧಿ ಆಯ್ತಾ ಗೋಮಮ್ಮ?" "ಆಯಿತು, ಆಯಿತು, ನೂಕಬೇಡ." "ಇವಳು ನೆನ್ನೆನೂ ನಡುವೆ ನಿಂತ್ಕೊಂಡಿದ್ಲು ಕಣಕ್ಕ." ನಾನು ಶಾಲೆಯಿಂದ ಬಂದು ಡಬ್ಬ ಹಿಡಿದು ನಿಂತು, ನನ್ನದಕ್ಕೆ ಮುಂಚೆ ಏನು ಎಂದು ಕೇಳಲು ಕಲಿತದ್ದು ಅಲ್ಲಿ. ಆ ಸಾಲಿನಲ್ಲಿ ಕನ್ನಡವಿತ್ತು, ತೆಲುಗಿತ್ತು, ದಖನಿಯಿತ್ತು, ಸಿಂಧಿಯಿತ್ತು. ಎಂಜಿನ್ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಎಲ್ಲ ಅರ್ಥವಾಗುತ್ತಿತ್ತು.

ನಡುವೆ ಒಂದು ಮಾತು, ಮುಂದಿನ ಕಾಲದ್ದು. ಅರವತ್ತರ ದಶಕದಲ್ಲಿ ಕಾಳಿನ ಬರ ಬಂದು ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಗೋಧಿ ಕೊಟ್ಟಾಗ, ಸುತ್ತಲಿನ ಊರುಗಳಲ್ಲಿ ಅದನ್ನು ಏನು ಮಾಡಬೇಕೆಂದು ತಿಳಿಯದೆ ಮುದ್ದೆ ತೊಳಸಿ ಗೋಂದು ಮಾಡಿಕೊಂಡರು. ನಮ್ಮೂರಿನ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಆ ಊರುಗಳಿಗೆ ಪಾಠ ಹೇಳಲು ಹೋದರು. ಅದೇ ದಶಕದಲ್ಲಿ ಬರ್ಮಾದಿಂದ ಹೊರಬಿದ್ದ ಕೆಲವು ಕುಟುಂಬಗಳು ಅವೇ ಶೆಡ್ಡುಗಳಿಗೆ ಬಂದು ಇಳಿದವು. ಈ ಸಲ ನಮ್ಮೂರಿನವರು ಐದಾರು ವರ್ಷ ಕಾಯಲಿಲ್ಲ. ರೈಲಿಳಿದ ಸಂಜೆಯೇ ಅಜ್ಜಿ ಹೋಗಿ ಹೆಸರು ಕೇಳಿ, ನೀವು ತಿನ್ನೋದು ಯಾವ ಕಾಳು ಎಂದು ವಿಚಾರಿಸಿಕೊಂಡು ಬಂದರು. ಇದನ್ನು ಮಾತ್ರ ನಾನು ಹೆಮ್ಮೆಯಿಂದ ಬರೆಯುತ್ತೇನೆ. ಇದಕ್ಕೆ ಡೈರಿಯ ಆಧಾರವೂ ಇದೆ.

ಈಗ ಮತ್ತೆ ಹಿಂದಕ್ಕೆ, ಸುಗ್ಗಿಯ ಗಡುವಿಗೆ. ಕಚೇರಿಯಿಂದ ಇನ್ಸ್‌ಪೆಕ್ಟರೊಬ್ಬರು ಸಾಗಿಸಬೇಕಾದವರ ಪಟ್ಟಿ ಹಿಡಿದು ಬಂದರು. ಜೊತೆಗೆ ಪಟೇಲರು. ಅವರು ಮಿಷನ್ನಿನ ಹತ್ತಿರ ಬಂದದ್ದು ನಡುಹಗಲಿಗೆ, ಗೋಧಿ ಮುಗಿದು ರಾಗಿ ಬೀಳುವ ಹೊತ್ತಿಗೆ. ಸಾಲು ಶೆಡ್ಡಿನ ಹೊರಗೆ ಬಂದು ತಿರುಗಿಕೊಂಡಿತ್ತು. ಶಾಲೆಗೆ ಸುಗ್ಗಿಯ ರಜೆ, ನಾನೂ ಅಜ್ಜಿಯ ಪಕ್ಕದಲ್ಲಿದ್ದೆ. ಲೋಕೂಮಲ್ ಯಾರು ಎಂದು ಇನ್ಸ್‌ಪೆಕ್ಟರು ಎರಡು ಸಲ ಕೂಗಿದರು. ಲೋಕಪ್ಪನವರಿಗೆ ಕೇಳಿಸಲಿಲ್ಲ. ಗೋಮಮ್ಮನಿಗೆ ಕೇಳಿಸಿತು. ಅವರು ಎಂಜಿನ್ ನಿಲ್ಲಿಸಿದರು. ಅಷ್ಟೊಂದು ಜನರಿದ್ದ ಕಡೆ ಅಷ್ಟು ನಿಶ್ಶಬ್ದವನ್ನು ನಾನು ಮೊದಲು ಕೇಳಿದ್ದು ಆಗಲೇ.

"ಈ ಮಿಷನ್ ಇವರದೇನಮ್ಮ?" ಎಂದು ಇನ್ಸ್‌ಪೆಕ್ಟರು ಸಾಲಿನ ಮುಂದಿದ್ದ ಅಜ್ಜಿಯನ್ನು ಕೇಳಿದರು.

"ಮಿಷನ್ ಅವ್ರದು. ಅವ್ರು ನಮ್ಮೋರು. ಅಂಗೇ ಬರ್ಕೊಳಿ" ಎಂದರು ಅಜ್ಜಿ.

ಇನ್ಸ್‌ಪೆಕ್ಟರು ಪಟ್ಟಿ ನೋಡಿ ಪಟೇಲರ ಕಡೆ ತಿರುಗಿದರು. "ಇವರ್ಯಾರೂ ಬೇಡ, ಊರಿನ ಒಪ್ಪಿಗೆ ಇಲ್ಲ ಅಂತ ನೀವೇ ಹೇಳಿ ಕಳಿಸಿದ್ರಲ್ಲ ಪಟೇಲ್ರೇ?"

ಗೋಮಮ್ಮನಿಗೆ ಅದು ಅರ್ಥವಾಯಿತು. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. ಸಾಲಿನಲ್ಲಿದ್ದ ಅಷ್ಟೂ ಹೆಂಗಸರು ಪಟೇಲರನ್ನು ನೋಡಿದರು. ಎಂಟನೆಯದೋ ಒಂಬತ್ತನೆಯದೋ ಜಾಗದಲ್ಲಿ, ಈ ಸಲ ಗಂಟು ಬಚ್ಚಿಡದೆ ಪುಟ್ಟಿಯನ್ನು ತಲೆಯ ಮೇಲೇ ಹೊತ್ತು, ಅವರ ಹೆಂಡತಿಯೂ ನಿಂತು ನೋಡುತ್ತಿದ್ದರು.

ಪಟೇಲರು ಹೆಗಲ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. "ಆಗ ಏಳಿದ್ದೆ ಸ್ವಾಮಿ. ಆಗ ಇವ್ರ ರೊಟ್ಟಿ ತಿಂದಿರ್ಲಿಲ್ಲ. ಚಾವಡಿ ಇಂದ್ಗಡೆ ಕಣದ ಮೂಲೆ ಕಾಲಿ ಐತೆ, ಅಲ್ಲಿ ಮಿಷನ್ ಆಕ್ಕೊಳ್ಳಲಿ. ಊರು ಒಪ್ಪೈತೆ ಅಂತ ಬರ್ಕೊಳಿ. ನಮ್ಮೂರ್ ಇಚಾರ ನಮಗ್ ಬಿಡಿ" ಎಂದರು.

ಇನ್ಸ್‌ಪೆಕ್ಟರು ಒಳ್ಳೆಯವರಿರಬೇಕು, ಅಥವಾ ಅವರಿಗೆ ಹಸಿವಾಗಿತ್ತು. ಪಟ್ಟಿಯಲ್ಲಿ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಏನೋ ಬರೆದು, ಪಟೇಲರ ರುಜು ಹಾಕಿಸಿದರು. ಗೋಮಮ್ಮ ನನ್ನ ಹೆಗಲು ಹಿಡಿದು ಮುಂದಕ್ಕೆ ತಂದು, ಏನು ಬರೆದಿದ್ದಾರೆ ಓದು ಎಂದರು. ನಾನು ಊರ ಹೆಸರು ಓದಿದೆ. ಇನ್ನೊಂದು ಸಲ ಓದಿಸಿದರು. ಮೂರನೆಯ ಸಲ ಸಾಲಿನವರೆಲ್ಲ ನನ್ನ ಜೊತೆ ಹೇಳಿದರು. ಈಗ ಯೋಚಿಸಿದರೆ, ಆ ಕಾಲದ ಕಚೇರಿಯ ಕಾಗದ ಇಂಗ್ಲಿಷಿನಲ್ಲಿ ಇದ್ದಿರಬೇಕು, ನನಗೆ ಆಗ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಹಾಗಾದರೆ ನಾನು ಓದಿದ್ದೇನು? ಅವರಿಗೆ ಬೇಕಾದದ್ದನ್ನೇ ಓದಿರಬೇಕು. ನನ್ನ ಎಲ್ಲ ಪರೀಕ್ಷೆಗಳಲ್ಲಿ ಅದೊಂದರಲ್ಲಿ ನಾನು ಪೂರ್ತಿ ಅಂಕ ಪಡೆದೆನೆಂದು ನಂಬುತ್ತೇನೆ.

ಮುಂದಿನ ವಾರ ಕಲ್ಲುಗಳು ಊರಿಗೆ ಬಂದವು. ಒಂದೊಂದೂ ಎತ್ತಿನ ಗಾಡಿಯ ಅಚ್ಚು ಮುರಿಯುವ ತೂಕ. ಲೋಕಪ್ಪನವರು ಗಾಡಿ ಬೇಡವೆಂದು ಸನ್ನೆ ಮಾಡಿ, ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವಿನ ತೂತಿಗೆ ದಪ್ಪ ಗಳು ತೂರಿಸಿ, ಚಕ್ರದಂತೆ ಉರುಳಿಸುವುದನ್ನು ತೋರಿಸಿದರು. ಗಳುವಿನ ಒಂದು ತುದಿಗೆ ಕ್ಯಾಂಪಿನ ಗಂಡಸರು, ಇನ್ನೊಂದು ತುದಿಗೆ ನಮ್ಮೂರಿನವರು. ಒಂದು ಕಡೆಯವರು ಹೆಚ್ಚು ನೂಕಿದರೆ ಕಲ್ಲು ಇನ್ನೊಂದು ಕಡೆಗೆ ತಿರುಗಿ ಹೊಲಕ್ಕೆ ನುಗ್ಗುತ್ತಿತ್ತು. ಆದ್ದರಿಂದ ಬೈಗುಳ ಎರಡು ಭಾಷೆಯಲ್ಲೂ ಸಮವಾಗಿ ಹಂಚಿಹೋಯಿತು. ಆಗ ಹಳಿಯ ಮೇಲೆ ಒಂದು ರೈಲು ಹೋಯಿತು. ಕಿಟಕಿಗಳ ತುಂಬ ತಲೆಗಳು. ಎಂಜಿನ್ನಿನವನು ನಮಗೋಸ್ಕರ ಶಿಳ್ಳೆ ಹಾಕಿದ. ತಮ್ಮ ಇಲ್ಲ ಎನ್ನುತ್ತಾನೆ. ಈ ವಿಷಯದಲ್ಲಿ ರಾಜಿಯಿಲ್ಲ.

ಕಣದ ಮೂಲೆಯಲ್ಲಿ ಕಲ್ಲು ಕೂರಿಸಿ, ಅದರ ಮುಖಕ್ಕೆ ಹೊಸದಾಗಿ ಉಳಿ ಹಾಕಿದರು. ಉಳಿ ಹಾಕಿದ ಕಲ್ಲಿಗೆ ಬೀಳುವ ಮೊದಲ ಕಾಳು ಕಲ್ಲುಪುಡಿಯೊಂದಿಗೆ ಬೆರೆತು ಹಾಳಾಗುತ್ತದೆ, ಅದನ್ನು ಚೆಲ್ಲಲೇಬೇಕು. ಅಷ್ಟು ಜನ ಪುಟ್ಟಿ ಹೊತ್ತು ನಿಂತಿದ್ದರೂ ಎಲ್ಲರೂ ಬೇರೆ ಕಡೆ ನೋಡಿದರು. ಊರು ಎಷ್ಟು ಒಳ್ಳೆಯದಾದರೂ ತನ್ನ ರಾಗಿಯನ್ನು ಚೆಲ್ಲುವಷ್ಟು ಒಳ್ಳೆಯದಲ್ಲ.

ಗೋಮಮ್ಮ ಒಳಗೆ ಹೋಗಿ ಬಾಯಿ ಹೊಲಿದ ಒಂದು ಸಣ್ಣ ಚೀಲ ತಂದರು. ಸಾಗಿಸಬೇಕಾದವರ ಪಟ್ಟಿಯಲ್ಲಿದ್ದವರಿಗೆಲ್ಲ ಕಚೇರಿಯಿಂದ ದಾರಿಗೆಂದು ಮುಂಚಿತವಾಗಿ ಕೊಟ್ಟಿದ್ದ ಗೋಧಿ ಅದು. ಹಸೀನಾಬಿ ಕತ್ತರಿ ಕೊಟ್ಟರು. ಗೋಮಮ್ಮ ಹೊಲಿಗೆ ಬಿಚ್ಚಿ, ಚೀಲವನ್ನು ತಲೆಕೆಳಗು ಮಾಡಿ, ಒಂದು ಕಾಳೂ ಉಳಿಯದಂತೆ ಕೊಡವಿ ಕಲ್ಲಿನ ಬಾಯಿಗೆ ಸುರಿದರು. ಎಂಜಿನ್ ಹಿಡಿಯಿತು. ದಾರಿಯ ಗೋಧಿ ಕಲ್ಲುಪುಡಿಯಾಗಿ ಇಳಿಯಿತು. ಅದನ್ನು ಮೊರದಲ್ಲಿ ಬಾಚಿ ಕಣಕ್ಕೆ ಎರಚಿದರು. ನಮ್ಮೂರಿನ ಕೋಳಿಗಳೆಲ್ಲ ರೆಕ್ಕೆ ಬಡಿದುಕೊಂಡು ಓಡಿ ಬಂದವು.

ಗೋಮಮ್ಮ ಖಾಲಿ ಚೀಲದಿಂದ ಕೈ ಒರೆಸಿಕೊಂಡು ಸಾಲಿನ ಕಡೆ ತಿರುಗಿದರು.

"ಹೂಂ, ಹಾಕಿ" ಎಂದರು. "ರಾಗಿ ಹಾಕಿ."